‘ಟೀಮಿನವರನ್ನು ನಂಬು’ ಅಂದರು ಗೈಡ್: ನಂಬಿದರೆ ಪ್ರಾಜೆಕ್ಟ್ ಮುಗಿಯುತ್ತಾ?

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ವಿಭಾಗದ ಏಳನೇ ಸೆಮಿಸ್ಟರ್ ವಿದ್ಯಾರ್ಥಿನಿ. ನಾಲ್ವರ ಟೀಮು. ಮಣ್ಣಿನ ತೇವ ನೋಡಿಕೊಂಡು ಹನಿ ನೀರಾವರಿ ಪಂಪನ್ನು ತಾನಾಗಿ ಓಡಿಸುವ, ಮೊಬೈಲಿನಲ್ಲಿ ಲೆಕ್ಕ ತೋರಿಸುವ ಪ್ರಾಜೆಕ್ಟ್ ತಗೊಂಡಿದ್ದೇವೆ. ಬೋರ್ಡ್ ಇಎಸ್‌ಪಿ32 (ವೈಫೈ ಇರುವ ಸಣ್ಣ ಮೈಕ್ರೋಕಂಟ್ರೋಲರ್). ಒಬ್ಬ ಏನು ಕೇಳಿದರೂ “ಆಯ್ತು, ಮಾಡ್ತೀನಿ ಬಿಡು” ಅಂತಾನೆ, ಆಗಿರುವುದಿಲ್ಲ. ಒಬ್ಬಳು ಪ್ಲೇಸ್‌ಮೆಂಟ್ ತಯಾರಿಯಲ್ಲಿ ಮುಳುಗಿದ್ದಾಳೆ, ಗ್ರೂಪಿನಲ್ಲಿ ಮೆಸೇಜ್ ನೋಡಿಯೂ ಉತ್ತರ ಕೊಡುವುದಿಲ್ಲ. ಇನ್ನೊಬ್ಬ ಕೊಟ್ಟ ಸೆನ್ಸರ್ ಕೋಡ್ ನನ್ನ ಲ್ಯಾಪ್‌ಟಾಪಿನಲ್ಲಿ ಓಡಲಿಲ್ಲ. ರಾತ್ರಿ ಕೂತು ನಾನೇ ಹೊಸದಾಗಿ ಬರೆದೆ. ಮೊದಲ ರಿವ್ಯೂನಲ್ಲಿ ಗೈಡ್, “ಎಲ್ಲಾ ನೀನೇ ಮಾಡ್ತಿದ್ದೀಯಲ್ಲಮ್ಮ, ಟೀಮಿನವರನ್ನ ನಂಬೋದು ಕಲಿ” ಅಂದರು. ನಂಬಿ ಬಿಟ್ಟರೆ ನನ್ನ ಮಾರ್ಕ್ಸ್ ಹೋಗುತ್ತೆ. ಏನು ಮಾಡಲಿ?

ಉತ್ತರ: ನಿಮ್ಮ ಗೈಡ್ ಹೇಳಿದ್ದು ಸರಿ, ಆದರೆ ಅರ್ಧಕ್ಕೇ ನಿಲ್ಲಿಸಿದ್ದಾರೆ. ಕಣ್ಣು ಮುಚ್ಚಿ ಕೆಲಸ ಬಿಟ್ಟುಕೊಡಿ ಎಂದು ನಾವು ಹೇಳುವುದಿಲ್ಲ. ಮೂರು ತಿಂಗಳ ಕೆಲಸವನ್ನು ಹಾಗೆ ಬಿಟ್ಟರೆ ನಿಮಗಿರುವ ಭಯ ನಿಜವೇ ಆಗಬಹುದು. ಮೊದಲು ನಂಬಿಕೆ ಬರಲಿ, ಆಮೇಲೆ ಕೆಲಸ ಕೊಡೋಣ ಅನ್ನುವ ಕ್ರಮವೇ ತಲೆಕೆಳಗು. ಎರಡು ದಿನದ ಕೆಲಸ ಕೊಡುವುದು, ಅದು ಮುಗಿದು ವಾಪಸ್ ಬಂದದ್ದನ್ನು ನೋಡುವುದು, ಮುಂದಿನ ಸಲ ನಾಲ್ಕು ದಿನದ್ದು ಕೊಡುವುದು. ನಂಬಿಕೆ ಹೀಗೆ ಕೂಡಿಕೊಂಡು ಬರುತ್ತದೆ. ಆದ್ದರಿಂದ ನೀವು ಈಗ ಮಾಡಬೇಕಾದ್ದು ಮನಸ್ಸು ಗಟ್ಟಿ ಮಾಡಿಕೊಳ್ಳುವ ಕೆಲಸಕ್ಕಿಂತ, ಪ್ರಾಜೆಕ್ಟನ್ನು ಬೇಗ ಪರೀಕ್ಷಿಸಲು ಬರುವಷ್ಟು ಸಣ್ಣ ತುಂಡುಗಳಾಗಿ ಒಡೆಯುವ ಕೆಲಸ.

ಅದಕ್ಕೂ ಮುಂಚೆ ಒಂದು ವಿಷಯ. ನಿಮ್ಮ ಪತ್ರದಲ್ಲಿ ಮೂವರ ಮೇಲೂ ಒಂದೇ ದೂರಿದೆ, ‘ನಂಬಲು ಆಗುತ್ತಿಲ್ಲ’ ಎಂದು. ಆದರೆ ಮೂವರ ಕಥೆ ಬೇರೆ ಬೇರೆ. ಸಂಸ್ಥೆಗಳೊಳಗಿನ ನಂಬಿಕೆಯ ಬಗ್ಗೆ ಮೇಯರ್, ಡೇವಿಸ್, ಶೂರ್ಮನ್ ಎಂಬ ಮೂವರು 1995ರಲ್ಲಿ ಒಂದು ಲೇಖನ ಬರೆದರು. ಇಂದಿಗೂ ಈ ವಿಷಯದಲ್ಲಿ ಬಹಳ ಮಂದಿ ಅದರಿಂದಲೇ ಶುರುಮಾಡುತ್ತಾರೆ. ಅವರ ಪ್ರಕಾರ ಒಬ್ಬರನ್ನು ನಂಬುವಾಗ ನಾವು ಮೂರು ಅಂಶ ತೂಗುತ್ತೇವೆ: ಆ ಕೆಲಸ ಅವರಿಗೆ ಬರುತ್ತದೆಯೇ, ನಮ್ಮ ಒಳಿತು ಅವರಿಗೆ ಬೇಕೇ, ಆಡಿದ ಮಾತಿಗೆ ನಿಲ್ಲುತ್ತಾರೆಯೇ. ನಿಮ್ಮ ಸೆನ್ಸರ್ ಹುಡುಗನ ವಿಷಯದಲ್ಲಿ ನಿಮಗಿರುವುದು ಮೊದಲನೆಯ ಅನುಮಾನ. ಪ್ಲೇಸ್‌ಮೆಂಟ್ ಗೆಳತಿಯದ್ದು ಎರಡನೆಯದು. ‘ಮಾಡ್ತೀನಿ ಬಿಡು’ ಅನ್ನುವವನದ್ದು ಮೇಲ್ನೋಟಕ್ಕೆ ಮೂರನೆಯದು, ಆದರೆ ಕೆದಕಿದರೆ ಮೊದಲನೆಯದೇ ಹೊರಬೀಳುವ ಸಾಧ್ಯತೆ ಹೆಚ್ಚು. ಕೆಲಸ ಬಾರದವನಿಗೆ ಗಡುವು ಬಿಗಿ ಮಾಡಿದರೆ ಏನೂ ಬದಲಾಗುವುದಿಲ್ಲ. ಪುರುಸೊತ್ತಿಲ್ಲದವಳಿಗೆ ಟ್ಯುಟೋರಿಯಲ್ ಲಿಂಕ್ ಕಳಿಸಿದರೂ ಅಷ್ಟೇ.

ಓಡದ ಕೋಡ್

ಇದನ್ನು ಮೊದಲು ಬಿಡಿಸೋಣ, ಯಾಕೆಂದರೆ ಈ ಟೀಮಿನ ಬಿರುಕು ಇಲ್ಲಿಂದಲೇ ಶುರುವಾದಂತಿದೆ. ‘ಅವನ ಕೋಡ್ ಸರಿಯಿಲ್ಲ’ ಎಂದು ತೀರ್ಮಾನಿಸುವ ಮುನ್ನ, ಇದೇ ಬೋರ್ಡಿನಲ್ಲಿ ಯಾರ ತಪ್ಪೂ ಇಲ್ಲದೆ ಕೋಡ್ ಕೈಕೊಡುವ ಕೆಲವು ಸಂದರ್ಭಗಳನ್ನು ನೋಡಿ.

ಕಂಪೈಲೇ ಆಗಲಿಲ್ಲವಾದರೆ ಇಬ್ಬರ ಲ್ಯಾಪ್‌ಟಾಪಿನಲ್ಲೂ ಆರ್ಡುಯಿನೋ ಐಡಿಇಯ (ಕೋಡ್ ಬರೆದು ಬೋರ್ಡಿಗೆ ಹಾಕುವ ತಂತ್ರಾಂಶ) ಬೋರ್ಡ್ಸ್ ಮ್ಯಾನೇಜರ್ ತೆರೆದು ಇಎಸ್‌ಪಿ32 ಪ್ಯಾಕೇಜಿನ ಆವೃತ್ತಿ ನೋಡಿ. 2ರ ಸರಣಿಯಿಂದ 3ರ ಸರಣಿಗೆ ಬರುವಾಗ ಕೆಲವು ಫಂಕ್ಷನ್‌ಗಳನ್ನೇ ತೆಗೆದುಹಾಕಿದ್ದಾರೆ. ಪಂಪಿನ ವೇಗ ಹೆಚ್ಚುಕಮ್ಮಿ ಮಾಡಲು ಬಳಸುವ ಪಿಡಬ್ಲ್ಯುಎಂ ಫಂಕ್ಷನ್‌ಗಳು ಅದರಲ್ಲಿ ಸೇರಿವೆ. ಹಳೆಯ ಯೂಟ್ಯೂಬ್ ವಿಡಿಯೊ ನೋಡಿ ಬರೆದ ಕೋಡ್ ಅವನ ಹಳೆಯ ಆವೃತ್ತಿಯಲ್ಲಿ ಚೆನ್ನಾಗಿ ಓಡುತ್ತದೆ, ನಿಮ್ಮ ಹೊಸದರಲ್ಲಿ ಎರರ್ ಕೊಡುತ್ತದೆ.

ಕಂಪೈಲ್ ಆಗಿಯೂ ರೀಡಿಂಗ್ ಬರಲಿಲ್ಲವಾದರೆ ಸೆನ್ಸರ್ ತಂತಿ ಯಾವ ಪಿನ್ನಿಗೆ ಹೋಗಿದೆ ನೋಡಿ. ಇಎಸ್‌ಪಿ32ರಲ್ಲಿ ಅನಲಾಗ್ ಓದುವ ಘಟಕ ಎರಡಿವೆ. ಎರಡನೆಯದಕ್ಕೆ ಸೇರಿದ ಪಿನ್‌ಗಳು (0, 2, 4, 12ರಿಂದ 15, 25ರಿಂದ 27) ವೈಫೈ ಚಾಲೂ ಇದ್ದಾಗ ಅನಲಾಗ್ ಓದಲು ಒದಗುವುದಿಲ್ಲ. ಉದಾಹರಣೆಗೆ, ಅವನು ಪಿನ್ 25ಕ್ಕೆ ಸೆನ್ಸರ್ ಕೊಟ್ಟು, ವೈಫೈ ಇಲ್ಲದ ಕೋಡಿನಲ್ಲಿ ಪರೀಕ್ಷಿಸಿರುತ್ತಾನೆ. ಅಂಕಿ ಸರಿಯಾಗಿಯೇ ಬಂದಿರುತ್ತದೆ. ನೀವು ಅದನ್ನು ವೈಫೈ ಕೋಡಿಗೆ ಜೋಡಿಸಿದ ಕೂಡಲೇ ಅಂಕಿ ಹಾಳು. “ನನ್ನ ಹತ್ರ ಓಡ್ತಿತ್ತು” ಅಂತ ಅವನು, “ಸುಳ್ಳು ಹೇಳ್ತಿದ್ದಾನೆ” ಅಂತ ನೀವು. ಇಬ್ಬರು ಹೇಳುತ್ತಿರುವುದೂ ಕಂಡದ್ದನ್ನೇ. ತಂತಿಯನ್ನು 32ರಿಂದ 39ರೊಳಗಿನ ಯಾವುದಾದರೂ ಅನಲಾಗ್ ಪಿನ್ನಿಗೆ ಬದಲಿಸಿದರೆ ಜಗಳ ಮುಗಿಯಿತು.

ಇನ್ನೂ ಎರಡಿವೆ. ಪಂಪ್ ಶುರುವಾದಾಗೆಲ್ಲ ಬೋರ್ಡ್ ರೀಸ್ಟಾರ್ಟ್ ಆಗಿ, ಸೀರಿಯಲ್ ಮಾನಿಟರಿನಲ್ಲಿ (ಬೋರ್ಡ್ ಕಳಿಸುವ ಸಾಲುಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುವ ಕಿಟಕಿ) ‘ಬ್ರೌನ್‌ಔಟ್ ಡಿಟೆಕ್ಟರ್’ ಎಂಬ ಸಾಲು ಬಂದರೆ ಕೋಡನ್ನು ಬೈಯಬೇಡಿ. ಪಂಪೂ ಬೋರ್ಡೂ ಒಂದೇ ಸಪ್ಲೈ ಮೇಲಿವೆ, ಪಂಪ್ ಎಳೆದ ಕರೆಂಟಿಗೆ ವೋಲ್ಟೇಜ್ ಕುಸಿದಿದೆ. ಪಂಪಿಗೆ ಬೇರೆ ಅಡಾಪ್ಟರ್ ಕೊಟ್ಟು, ಅಗತ್ಯವಿರುವ ಕಡೆ ಗ್ರೌಂಡ್ ಮಾತ್ರ ಸೇರಿಸಿ. ಬೋರ್ಡ್ ವೈಫೈಗೆ ಸೇರುತ್ತಲೇ ಇಲ್ಲವಾದರೆ ಮೊಬೈಲ್ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿದೆಯೇ ನೋಡಿ, ಈ ಬೋರ್ಡಿಗೆ 2.4 ಮಾತ್ರ ಗೊತ್ತು.

ಈ ಪಟ್ಟಿಯನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ವಿದ್ಯಾರ್ಥಿ ಟೀಮುಗಳಲ್ಲಿ ‘ಅವನನ್ನು ನಂಬಲಾಗದು’ ಅನ್ನುವ ತೀರ್ಪು ಬಹಳ ಸಲ ಇಂಥ ಜೋಡಣೆಯ ಜಾಗದಲ್ಲೇ ಹುಟ್ಟುತ್ತದೆ. ಅವನ ಭಾಗ ಅವನಲ್ಲಿ ಸರಿ, ನಿಮ್ಮ ಭಾಗ ನಿಮ್ಮಲ್ಲಿ ಸರಿ, ಎರಡೂ ಕೂಡುವಲ್ಲಿ ಏನಿರಬೇಕೆಂದು ಯಾರೂ ಬರೆದಿಟ್ಟಿರುವುದಿಲ್ಲ.

ಹಾಗಾಗಿ ಮೊದಲ ಕೆಲಸ ಒಂದು ಪುಟದ ಒಪ್ಪಂದ. ನಾಲ್ವರೂ ಒಂದೇ ಟೇಬಲ್ಲಿಗೆ ಕೂತು ಒಂದು ಗಂಟೆಯಲ್ಲಿ ಬರೆಯಬಹುದು. ಅದರಲ್ಲಿ ಇರಬೇಕಾದ್ದು: ಯಾವ ತಂತಿ ಯಾವ ಪಿನ್ನಿಗೆ, ಬೋರ್ಡ್ ಪ್ಯಾಕೇಜ್ ಮತ್ತು ಪ್ರತಿ ಲೈಬ್ರರಿಯ ಆವೃತ್ತಿ, ಸೀರಿಯಲ್ ವೇಗ (115200 ಇಟ್ಟುಕೊಳ್ಳಿ), ರಿಲೇಗೆ (ಪಂಪನ್ನು ಆನ್ ಆಫ್ ಮಾಡುವ ಸ್ವಿಚ್ಚಿಗೆ) ಹೈ ಕೊಟ್ಟರೆ ಆನ್ ಆಗುತ್ತದೋ ಲೋ ಕೊಟ್ಟರೋ (ಅಂಗಡಿಯಲ್ಲಿ ಸಿಗುವ ನೀಲಿ ರಿಲೇ ಮಾಡ್ಯೂಲ್‌ಗಳಲ್ಲಿ ಹಲವು ಲೋಗೆ ಆನ್ ಆಗುತ್ತವೆ), ಬೋರ್ಡಿನಿಂದ ಆ್ಯಪಿಗೆ ಹೋಗುವ ಅಂಕಿಯ ಅರ್ಥ. ಈ ಕೊನೆಯದರಲ್ಲಿ ಎಡವುವವರು ಬಹಳ. ಕೆಪ್ಯಾಸಿಟಿವ್ ತೇವಾಂಶ ಸೆನ್ಸರಿನಲ್ಲಿ ಮಣ್ಣು ಒಣಗಿದಷ್ಟೂ ಅಂಕಿ ಏರುತ್ತದೆ, ಒದ್ದೆಯಾದಷ್ಟೂ ಇಳಿಯುತ್ತದೆ. ಆ್ಯಪ್ ಬರೆಯುವವರು ಸಹಜವಾಗಿ ಉಲ್ಟಾ ಅಂದುಕೊಳ್ಳುತ್ತಾರೆ, ಆಗ ಒದ್ದೆ ಮಣ್ಣಿಗೆ ಪಂಪ್ ಓಡುತ್ತದೆ. ‘ಬೋರ್ಡಿನಿಂದ ಹೊರಡುವುದು 0ಯಿಂದ 100ರ ಶೇಕಡಾ ಅಂಕಿ, 0 ಅಂದರೆ ಒಣಗಿದ್ದು, 100 ಅಂದರೆ ಪೂರ್ತಿ ಒದ್ದೆ, 30 ಸೆಕೆಂಡಿಗೊಮ್ಮೆ, ಸೆನ್ಸರ್ ಕೈಕೊಟ್ಟರೆ -1’ ಎಂದು ಒಂದು ಸಾಲು ಬರೆದಿಟ್ಟರೆ ಅರ್ಧ ತಿಂಗಳ ಮನಸ್ತಾಪ ತಪ್ಪುತ್ತದೆ. ಒಣ ಮಣ್ಣಿನಲ್ಲಿ, ನೀರುಣಿಸಿದ ಮಣ್ಣಿನಲ್ಲಿ ನಿಮ್ಮ ಸೆನ್ಸರ್ ಕೊಟ್ಟ ಎರಡು ಅಂಕಿಗಳನ್ನೂ ಅದೇ ಪುಟದಲ್ಲಿ ಬರೆಯಿರಿ; ಸೆನ್ಸರಿನಿಂದ ಸೆನ್ಸರಿಗೆ ಅವು ಬದಲಾಗುತ್ತವೆ.

ಈ ಪುಟ ಇದ್ದರೆ ಇನ್ನೊಂದು ಅನುಕೂಲವಿದೆ. ಸೆನ್ಸರ್ ಭಾಗ ಮುಗಿಯುವ ತನಕ ಆ್ಯಪ್ ಬರೆಯುವವರು ಕಾಯಬೇಕಾಗಿಲ್ಲ. ಅದೇ ನಮೂನೆಯ ಸುಳ್ಳು ಅಂಕಿಗಳನ್ನು ಕಳಿಸುವ ಹತ್ತು ಸಾಲಿನ ಕೋಡ್ ಬರೆದುಕೊಂಡು ಮುಂದುವರಿಯಬಹುದು. ಒಬ್ಬರು ತಡ ಮಾಡಿದರೆ ಎಲ್ಲರೂ ನಿಲ್ಲುವ ಸ್ಥಿತಿಯಲ್ಲಿ ಯಾರಿಗೂ ಯಾರ ಮೇಲೂ ಸಮಾಧಾನ ಇರುವುದಿಲ್ಲ.

ರಾತ್ರಿ ಕೂತು ತಿದ್ದಿದ್ದರ ಬೆಲೆ

ಇಲ್ಲಿ ಸ್ವಲ್ಪ ಖಾರವಾಗಿಯೇ ಹೇಳುತ್ತೇವೆ. ಅವನ ಕೋಡನ್ನು ಹೇಳದೆ ಕೇಳದೆ ಹೊಸದಾಗಿ ಬರೆದದ್ದು ಪ್ರಾಜೆಕ್ಟಿಗೆ ಒಂದು ರಾತ್ರಿಯ ಲಾಭ, ಉಳಿದ ತಿಂಗಳುಗಳ ನಷ್ಟ. ತನ್ನ ಕೆಲಸ ಹೇಗೂ ಅಳಿಸಿಹೋಗುತ್ತದೆ ಎಂದು ಗೊತ್ತಾದವನು ಮುಂದಿನ ಸಲ ಅರ್ಧ ಮನಸ್ಸಿನಿಂದ ಮಾಡುತ್ತಾನೆ. ಅದನ್ನು ನೋಡಿ ನಿಮಗೆ ‘ನೋಡಿದೆಯಾ, ನಾನು ಅಂದುಕೊಂಡ ಹಾಗೇ’ ಅನ್ನಿಸುತ್ತದೆ. ಇದರ ಇನ್ನೊಂದು ಮಗ್ಗುಲನ್ನು ಮನಃಶಾಸ್ತ್ರಜ್ಞ ನಾರ್ಬರ್ಟ್ ಕೆರ್ 1983ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ: ಜೊತೆಗಾರನಿಗೆ ಕೆಲಸ ಬರುತ್ತದೆ, ಆದರೂ ಮಾಡುತ್ತಿಲ್ಲ ಎಂದು ಕಂಡಾಗ, ಮಾಡುತ್ತಿದ್ದವರೂ ತಮ್ಮ ದುಡಿಮೆ ಕಡಿಮೆ ಮಾಡಿದರು. ಯಾಮಾರುವವರು ನಾವಾಗಬಾರದು ಎಂಬ ಲೆಕ್ಕಾಚಾರ. ನಿಮಗೂ ಇನ್ನೆರಡು ತಿಂಗಳಲ್ಲಿ ಅದೇ ಸುಸ್ತು ಬರುತ್ತದೆ.

ತಿದ್ದಲೇಬೇಕಾದ ಹೊತ್ತು ಬರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೀಬೋರ್ಡ್ ಅವನ ಕೈಯಲ್ಲೇ ಇರುವಂತೆ ನೋಡಿಕೊಂಡು ತಿದ್ದಿ. ಒಬ್ಬರೇ ಮಾಡುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಆದರೆ ವೈವಾದಲ್ಲಿ ಆ ಭಾಗಕ್ಕೆ ಉತ್ತರ ಹೇಳಬೇಕಾದವನು ಅವನೇ.

ತುಂಡು ಎಷ್ಟು ದೊಡ್ಡದಿರಬೇಕು

‘ಹಾರ್ಡ್‌ವೇರ್ ನೀನು ನೋಡ್ಕೋ, ಆ್ಯಪ್ ನಾನು ನೋಡ್ಕೋತೀನಿ’ ಎಂದು ಹಂಚಿಕೊಂಡಿದ್ದೀರಾದರೆ ಅದು ಕೆಲಸ ಹಂಚಿದ ಹಾಗಲ್ಲ. ಅಂಥ ಹಂಚಿಕೆ ಸರಿಯಾಯಿತೋ ಇಲ್ಲವೋ ತಿಳಿಯುವುದು ಕೊನೆಯ ವಾರದಲ್ಲೇ. ಎರಡು ಮೂರು ದಿನದಲ್ಲಿ ಮುಗಿಯುವ, ಮುಗಿದದ್ದು ಕಣ್ಣಿಗೆ ಕಾಣುವ ತುಂಡು ಬೇಕು. ‘ಸೆನ್ಸರ್ ಮಾಡು’ ಅನ್ನುವ ಬದಲು ‘ಪಿನ್ 34ರಲ್ಲಿ ಸೆನ್ಸರ್ ಓದಿ, ಹತ್ತು ರೀಡಿಂಗಿನ ಸರಾಸರಿ ತೆಗೆದು, ಶೇಕಡಾಕ್ಕೆ ಬದಲಿಸಿ, ಸೀರಿಯಲ್ ಮಾನಿಟರಿನಲ್ಲಿ ತೋರಿಸುವುದು, ಒಣ ಮಣ್ಣು, ಒದ್ದೆ ಮಣ್ಣು ಎರಡರಲ್ಲೂ ತೆಗೆದ ಸ್ಕ್ರೀನ್‌ಶಾಟ್, ಬುಧವಾರ ಸಂಜೆ’. ಮುಗಿದದ್ದು ಅಂದರೆ ಏನು ಎಂಬುದರ ಬಗ್ಗೆ ಆಮೇಲೆ ವಾದಕ್ಕೆ ಜಾಗವೇ ಇಲ್ಲ. ಕೊಡುವಾಗಲೇ, ಪರೀಕ್ಷಿಸುವವರು ಯಾರು ಎಂದೂ ಹೇಳಿ. ಪ್ರತಿ ಸಲವೂ ಅದು ನೀವೇ ಆಗಬೇಡಿ. ನಿಮ್ಮ ಕೆಲಸವನ್ನೂ ಅವರಲ್ಲೊಬ್ಬರು ಪರೀಕ್ಷಿಸಲಿ, ತಪ್ಪು ಹುಡುಕಲಿ. ತಪಾಸಣೆ ಒಂದೇ ದಿಕ್ಕಿನಲ್ಲಿ ಹೋದರೆ ಅದು ಕಾವಲು ಅನ್ನಿಸುತ್ತದೆ.

ಒಬ್ಬೊಬ್ಬರ ಕೆಲಸ ಬೇರೆಯಾಗಿ ಕಾಣುವುದು ಯಾಕೆ ಇಷ್ಟು ಮುಖ್ಯ ಅಂದರೆ, ಗುಂಪಿನಲ್ಲಿ ಮೈಗಳ್ಳತನ ಬರುವುದು ಬಹಳ ಮಟ್ಟಿಗೆ ಕಾಣದೇ ಇರುವುದರಿಂದ. ಮನಃಶಾಸ್ತ್ರಜ್ಞ ಬಿಬ್ ಲಟಾನೆ ಮತ್ತು ಸಂಗಡಿಗರು 1979ರಲ್ಲಿ ವಿದ್ಯಾರ್ಥಿಗಳಿಗೆ ಗುಂಪಿನಲ್ಲಿ ಚಪ್ಪಾಳೆ ತಟ್ಟಲು, ಕೂಗಲು ಹೇಳಿದರು. ಗುಂಪು ದೊಡ್ಡದಾದಷ್ಟೂ ತಲಾ ಒಬ್ಬರ ಸದ್ದು ಕಡಿಮೆಯಾಯಿತು. ಅದೇ ಬಳಗ 1981ರಲ್ಲಿ, ಒಬ್ಬೊಬ್ಬರ ಸದ್ದನ್ನೂ ಬೇರೆಯಾಗಿ ಅಳೆಯಲಾಗುತ್ತಿದೆ ಎಂದು ತಿಳಿಸಿ ಮತ್ತೆ ನೋಡಿತು. ಗುಂಪಿನಲ್ಲಿದ್ದರೂ ಜನ ಪೂರ್ತಿ ಗಂಟಲಿನಿಂದ ಕೂಗಿದರು. ಅವರ ಗುಣ ಬದಲಾಗಿರಲಿಲ್ಲ, ಅಳತೆ ಬದಲಾಗಿತ್ತು.

ಕೋಡಿಗೆ ಈ ಅಳತೆಯನ್ನು ಗಿಟ್‌ಹಬ್ ಬಿಟ್ಟಿಯಾಗಿ ಕೊಡುತ್ತದೆ. ವಾಟ್ಸ್ಯಾಪಿನಲ್ಲಿ ‘ಫೈನಲ್’, ‘ಫೈನಲ್2’, ‘ಫೈನಲ್_ನ್ಯೂ’ ಎಂಬ ಜಿಪ್ ಫೈಲ್ ಕಳಿಸುವುದನ್ನು ಇವತ್ತೇ ನಿಲ್ಲಿಸಿ. ಒಂದು ಪ್ರೈವೇಟ್ ರೆಪೊ (ಎಲ್ಲರ ಕೋಡ್ ಇಡುವ ಜಾಗ) ತೆರೆದು ನಾಲ್ವರನ್ನೂ ಸೇರಿಸಿ, ಗೈಡನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು. ಒಬ್ಬೊಬ್ಬರೂ ತಮ್ಮ ಬ್ರಾಂಚಿನಲ್ಲಿ (ಕೋಡಿನ ತಮ್ಮದೇ ಪ್ರತಿಯಲ್ಲಿ) ಕೆಲಸ ಮಾಡಿ, ಪುಲ್ ರಿಕ್ವೆಸ್ಟ್ (ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿ, ಇನ್ನೊಬ್ಬರು ಓಡಿಸಿ ನೋಡಿದ ಮೇಲೆ ಮಾತ್ರ ಮೇನ್‌ಗೆ (ಮುಖ್ಯ ಪ್ರತಿಗೆ) ಸೇರಲಿ. ಮೊದಲ ವಾರ ಗೋಳಾಡುತ್ತಾರೆ, ಆಮೇಲೆ ಕೈಗೆ ಹತ್ತುತ್ತದೆ. ಎರಡು ಎಚ್ಚರಿಕೆ ಇಲ್ಲಿ ಬೇಕು. ಲ್ಯಾಬಿನ ಕಂಪ್ಯೂಟರಿನಲ್ಲಿ ಗಿಟ್‌ಗೆ ಯಾರ ಹೆಸರು, ಇಮೇಲ್ ಹೊಂದಿಸಿದೆಯೋ ಎಲ್ಲರ ಕಮಿಟ್ಟೂ (ಉಳಿಸಿದ ಬದಲಾವಣೆ) ಅವರ ಹೆಸರಿಗೇ ಬೀಳುತ್ತದೆ. ಯಾರು ಏನೂ ಮಾಡಿಲ್ಲ ಎಂದು ರೆಪೊ ನೋಡಿ ಆರೋಪಿಸುವ ಮುನ್ನ ಇದನ್ನು ಪರೀಕ್ಷಿಸಿ. ಮತ್ತೆ, ಕಮಿಟ್ ಎಣಿಸಿ ಮಾರ್ಕು ಹಾಕುವ ಚಾಳಿ ಬೇಡ. ಬ್ರೆಡ್‌ಬೋರ್ಡ್ ಮೇಲೆ ತಂತಿ ಹಿಡಿದು ಎರಡು ದಿನ ಕೂತವನದ್ದು ಒಂದು ಸಾಲಿನ ಬದಲಾವಣೆಯಾಗಿ ಮಾತ್ರ ರೆಪೊದಲ್ಲಿ ಕಾಣಬಹುದು. ಹಾರ್ಡ್‌ವೇರ್ ಕೆಲಸಕ್ಕೆ ದಿನಾಂಕ ಸಹಿತ ಫೋಟೊ ಮತ್ತು ರೀಡಿಂಗ್ ಪಟ್ಟಿಯೇ ದಾಖಲೆ.

ದಿನಗಳ ಅಂದಾಜಿನ ಬಗ್ಗೆ ಒಂದು ಮಾತು. 1994ರಲ್ಲಿ ಬೂಲರ್, ಗ್ರಿಫಿನ್, ರಾಸ್ ಎಂಬುವರು ಕೆನಡಾದಲ್ಲಿ ಪ್ರೌಢಪ್ರಬಂಧ ಬರೆಯುತ್ತಿದ್ದ ಮನಃಶಾಸ್ತ್ರದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕೆಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಎಷ್ಟು ಕೆಡಬಹುದೋ ಅಷ್ಟು ಕೆಟ್ಟರೆ ಎಷ್ಟು ಅಂದಾಗ, ಸುಮಾರು 49. ನಿಜವಾಗಿ ಹಿಡಿದದ್ದು 55ರ ಮೇಲೆ. ಅಂದರೆ ಮಾತು ತಪ್ಪಿದವರೆಲ್ಲ ಮಾತಿಗೆ ಬೆಲೆ ಕೊಡದವರೇನಲ್ಲ. ಅಂದಾಜು ಹಾಕುವುದೇ ಮನುಷ್ಯನಿಗೆ ಬಾರದ ವಿದ್ಯೆ. ಯಾರೇ ಎರಡು ದಿನ ಎಂದರೆ ನಿಮ್ಮ ಚಾರ್ಟಿನಲ್ಲಿ ಮೂರೂವರೆ ಬರೆಯಿರಿ. ನಿಮ್ಮ ಅಂದಾಜಿಗೂ ಅದೇ ನಿಯಮ.

‘ಮಾಡ್ತೀನಿ ಬಿಡು’

ನಮ್ಮಲ್ಲಿ ‘ನಂಗೆ ಬರಲ್ಲ’ ಅನ್ನುವುದು ಸುಲಭದ ಮಾತಲ್ಲ, ಅದರಲ್ಲೂ ಮೂರು ವರ್ಷ ಒಂದೇ ಕ್ಲಾಸಿನಲ್ಲಿ ಕೂತವರ ಎದುರು. ಬ್ಯಾಕ್‌ಲಾಗ್ ಇದ್ದರಂತೂ ಬಾಯಿ ಇನ್ನೂ ಕಟ್ಟುತ್ತದೆ. ‘ಮಾಡ್ತೀನಿ ಬಿಡು’ ಬಹಳ ಸಲ ಆ ಕ್ಷಣವನ್ನು ದಾಟಿಸುವ ಮಾತು. ಅದಕ್ಕೆ ಉತ್ತರವಾಗಿ ನೀವು “ಆಯ್ತಾ? ಆಯ್ತಾ?” ಎಂದು ದಿನಾ ಕೇಳಿದರೆ ಸಿಗುವುದು ಇನ್ನೊಂದು ‘ಆಗ್ತಾ ಇದೆ’.

ಪ್ರಶ್ನೆ ಬದಲಿಸಿ. “ಎಲ್ಲಿಗೆ ಬಂದು ನಿಂತಿದೆ, ಇರೋದನ್ನೇ ತೋರಿಸು” ಎಂದು ಕೇಳಿ. ಅರೆಬರೆ ಕೆಲಸ ತೋರಿಸಿದಾಗ ನಗಬೇಡಿ, ನಿಟ್ಟುಸಿರೂ ಬಿಡಬೇಡಿ. ಅದೊಂದು ನಿಟ್ಟುಸಿರಿಗೆ ಮುಂದಿನ ತಿಂಗಳೆಲ್ಲ ಅವನು ಏನೂ ತೋರಿಸದೆ ಹೋಗಬಹುದು. ನಿಮಗೆ ಬಾರದ್ದು ಏನಾದರೂ ಇದ್ದೇ ಇರುತ್ತದೆ, ಅದನ್ನು ಮೊದಲು ನೀವೇ ಬಾಯಿಬಿಟ್ಟು ಹೇಳಿ. “ಈ ರಿಲೇ ಯಾಕೆ ಬೂಟ್ ಆಗುವಾಗ ಟಕ್ ಅನ್ನುತ್ತೆ ಅಂತ ನಂಗೂ ಗೊತ್ತಾಗ್ಲಿಲ್ಲ ಕಣೋ” ಎಂದು ಟೀಮಿನಲ್ಲಿ ಎಲ್ಲರಿಗಿಂತ ಚುರುಕಾದವರು ಹೇಳಿದರೆ ಉಳಿದವರ ಬಾಯಿಯೂ ಬಿಚ್ಚುತ್ತದೆ. ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದ ಏಮಿ ಎಡ್ಮಂಡ್‌ಸನ್ 1996ರಲ್ಲಿ ಬರೆದದ್ದು ಇದಕ್ಕೆ ಹತ್ತಿರದ್ದೇ: ಚೆನ್ನಾಗಿ ಹೊಂದಿಕೊಂಡ ತಂಡಗಳಲ್ಲಿ ದಾಖಲಾದ ತಪ್ಪುಗಳೇ ಹೆಚ್ಚಿದ್ದವು, ಅಲ್ಲಿಯವರು ಅವನ್ನು ಮುಚ್ಚಿಡುತ್ತಿರಲಿಲ್ಲ ಎಂಬುದು ಅವರು ಕಂಡುಕೊಂಡ ಕಾರಣ.

ಆಮೇಲೆ ಅವನಿಗೆ ಎರಡು ಗಂಟೆಯ ಕೆಲಸ ಕೊಡಿ, ಎರಡು ದಿನದ್ದಲ್ಲ. ಲ್ಯಾಬಿನಲ್ಲಿ ಎಲ್ಲರೂ ಇರುವಾಗಲೇ ಮಾಡಿ ಮುಗಿಸುವಂಥದ್ದು: ರಿಲೇಗೆ ಬೇರೆ ಸಪ್ಲೈ ಕೊಟ್ಟು, ಐದು ಸೆಕೆಂಡಿಗೊಮ್ಮೆ ಆನ್ ಆಫ್ ಮಾಡಿ ತೋರಿಸುವುದು. ಅದು ಆದರೆ ಮರುದಿನ ಸ್ವಲ್ಪ ದೊಡ್ಡದು. ಎರಡು ಗಂಟೆಯದ್ದೂ ಆಗಲಿಲ್ಲವಾದರೆ ಅವನಿಗೆ ಯಾವುದು ಬರುತ್ತದೆ ಎಂದು ಅವನನ್ನೇ ಕೇಳಿ. ಮಡಿಕೆ, ಪೈಪು, ಡ್ರಿಪ್ಪರ್ ಜೋಡಿಸಿ ಮಾದರಿ ಕಟ್ಟುವುದು, ಒಂದು ವಾರ ದಿನಕ್ಕೆ ನಾಲ್ಕು ಸಲ ರೀಡಿಂಗ್ ಬರೆಯುವುದು ಸಣ್ಣ ಕೆಲಸವಲ್ಲ. ರಿಪೋರ್ಟಿನ ಫಲಿತಾಂಶದ ಅಧ್ಯಾಯ ನಿಲ್ಲುವುದೇ ಆ ಪಟ್ಟಿಯ ಮೇಲೆ. ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಆ ಅಧ್ಯಾಯ ಕೊನೆಯ ರಾತ್ರಿ ಹುಟ್ಟಿದ ಅಂಕಿಗಳಿಂದ ತುಂಬಿರುತ್ತದೆ, ಪರೀಕ್ಷಕರಿಗೆ ಅದು ಗೊತ್ತಾಗುತ್ತದೆ.

ಪ್ಲೇಸ್‌ಮೆಂಟ್ ಗೆಳತಿ

ಅವಳಿಗೆ ಗ್ರೂಪಿನಲ್ಲಿ ಮೆಸೇಜ್ ಹಾಕುವುದನ್ನು ಬಿಟ್ಟು ಎದುರು ಕೂತು ಮಾತಾಡಿ. ಮನೆಯ ಸಾಲ, ಅಪ್ಪ ಅಮ್ಮನ ನಿರೀಕ್ಷೆ, ಆಪ್ಟಿಟ್ಯೂಡ್ ಟೆಸ್ಟುಗಳು, ಏನೇ ಇರಲಿ, ಅವಳ ಮಟ್ಟಿಗೆ ಈ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಎರಡನೆಯದು. ಅದು ದ್ರೋಹವಲ್ಲ. ಬಚ್ಚಿಟ್ಟರೆ ಮಾತ್ರ ತೊಂದರೆ. “ವಾರಕ್ಕೆ ಎಷ್ಟು ಗಂಟೆ ಖಂಡಿತ ಕೊಡ್ತೀಯ? ಯಾವ ವಾರ ಸೊನ್ನೆ?” ಎಂದು ಕೇಳಿ. ನಾಲ್ಕು ಗಂಟೆ ಎಂದರೆ ನಾಲ್ಕೇ ಗಂಟೆಯ ಕೆಲಸ ಕೊಡಿ, ಬೇರೆಯವರನ್ನು ಕಾಯಿಸದಂಥದ್ದು. ಲಿಟರೇಚರ್ ಸರ್ವೆ, ಬ್ಲಾಕ್ ಡಯಾಗ್ರಾಂ, ಆ್ಯಪಿನ ಪರೀಕ್ಷೆ ಅಂಥವು. ಅವಳ ಪ್ಲೇಸ್‌ಮೆಂಟ್ ಮುಗಿದ ಮೇಲೆ ಬಾಕಿ ಗಂಟೆಗಳನ್ನು ಫೈನಲ್ ರಿವ್ಯೂ ಹತ್ತಿರ ತುಂಬಿಕೊಡಬೇಕು ಎಂಬುದನ್ನೂ ಈಗಲೇ ಮಾತಾಡಿ ಬರೆದಿಡಿ.

ಹಾಗೆಂದು ರಿಪೋರ್ಟ್, ಪಿಪಿಟಿ ಎಲ್ಲ ಅವಳ ತಲೆಗೇ ಕಟ್ಟಬೇಡಿ. ಹಾರ್ಡ್‌ವೇರ್ ಹುಡುಗರಿಗೆ, ರಿಪೋರ್ಟ್ ಹುಡುಗಿಯರಿಗೆ ಎಂಬ ಹಳೇ ಹಂಚಿಕೆ ನಮ್ಮ ಕಾಲೇಜುಗಳಲ್ಲಿ ಇನ್ನೂ ನಡೆಯುತ್ತಿದೆ. ಇದರಿಂದ ಬೋರ್ಡ್ ಮುಟ್ಟದೆ ಡಿಗ್ರಿ ಮುಗಿಸುವ ಹುಡುಗಿಯರಿದ್ದಾರೆ, ಎರಡು ಪುಟ ನೆಟ್ಟಗೆ ಬರೆಯಲು ಬಾರದೆ ಮುಗಿಸುವ ಹುಡುಗರೂ ಇದ್ದಾರೆ. ಒಬ್ಬೊಬ್ಬರೂ ತಾವು ಮಾಡಿದ್ದರ ಅಧ್ಯಾಯವನ್ನು ತಾವೇ ಬರೆಯಲಿ. ಒಬ್ಬರು ಕೊನೆಗೆ ಫಾರ್ಮ್ಯಾಟ್ ಸರಿಮಾಡಲಿ.

ವಾರಕ್ಕೆರಡು ಸಲ, ಇಪ್ಪತ್ತು ನಿಮಿಷ, ನಿಂತೇ ಮಾತಾಡುವ ಸಭೆ ಸಾಕು. ಹೋದ ಸಲ ಒಪ್ಪಿಕೊಂಡದ್ದು ಏನಾಯಿತು, ಮುಂದಿನದಕ್ಕೆ ಏನು ತರುತ್ತೀಯ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀಯ. ಮೂರೇ ಪ್ರಶ್ನೆ, ನಾಲ್ವರಿಗೂ. ಉತ್ತರಗಳನ್ನು ಸರದಿಯಂತೆ ಒಬ್ಬರು ಶೀಟಿನಲ್ಲಿ ಬರೆದು ಗ್ರೂಪಿನಲ್ಲಿ ಹಾಕಲಿ. ಇಂಟರ್ನಲ್ಸ್ ವಾರದಲ್ಲಿ ಸಭೆ ಇಲ್ಲವೆಂದು ಮೊದಲೇ ಹೇಳಿಬಿಡಿ. ಈ ಶೀಟ್ ಇದ್ದರೆ ಇನ್ನೊಂದು ಉಪಕಾರ: ನಾಲ್ವರಲ್ಲಿ ಪ್ರತಿಯೊಬ್ಬರಿಗೂ ತಾನೇ ಹೆಚ್ಚು ಮಾಡಿದ್ದು ಎಂದು ಅನ್ನಿಸುವುದು ಸಹಜ, ಯಾಕೆಂದರೆ ತನ್ನ ಕಷ್ಟ ತನಗೆ ನೆನಪಿರುತ್ತದೆ, ಬೇರೆಯವರದ್ದು ಕಂಡೇ ಇರುವುದಿಲ್ಲ. ನಿಮಗೂ ಇದು ಅನ್ವಯಿಸುತ್ತದೆ.

ದುಡ್ಡಿನ ವಿಷಯವನ್ನು ಸಲಿಗೆಗೆ ಬಿಡಬೇಡಿ. ಬೋರ್ಡು, ಸೆನ್ಸರು, ರಿಲೇ, ಪಂಪು, ಅಡಾಪ್ಟರ್, ಪೈಪು ಸೇರಿ ನಿಮ್ಮ ಪ್ರಾಜೆಕ್ಟ್ ಕೆಲವೇ ಸಾವಿರದಲ್ಲಿ ಮುಗಿಯಬೇಕು. ಒಬ್ಬರೇ ಕೊಳ್ಳಲಿ, ಬಿಲ್ಲಿನ ಫೋಟೊ ಶೀಟಿಗೆ ಹಾಕಲಿ, ಲೆಕ್ಕ ತಿಂಗಳ ಕೊನೆಗೆ ಯುಪಿಐನಲ್ಲಿ ಚುಕ್ತಾ ಆಗಲಿ. ಬಿಡಿಭಾಗ ತರಲು ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿಬಂದ ಬಸ್ ಚಾರ್ಜೂ ಅದರಲ್ಲಿ ಸೇರಲಿ. ಸೆನ್ಸರ್, ಇಎಸ್‌ಪಿ32 ಎರಡೆರಡು ತನ್ನಿ. ಒಂದು ಸುಟ್ಟಾಗ ‘ಯಾರು ಸುಟ್ಟಿದ್ದು’ ಎಂಬ ಪಂಚಾಯ್ತಿಗಿಂತ ಅದು ಅಗ್ಗ.

ಇಷ್ಟೆಲ್ಲ ಮಾಡಿಯೂ ಕೆಲಸ ಬರದಿದ್ದರೆ

ಬರದೇ ಇರಬಹುದು. ಎಲ್ಲರೂ ನಂಬಿಕೆಗೆ ಅರ್ಹರೇ ಎಂದು ಹೇಳಲು ನಾವು ಹೊರಟಿಲ್ಲ. ಮೊದಲ ಸಲ ತಪ್ಪಿದರೆ ತುಂಡನ್ನು ಇನ್ನೂ ಚಿಕ್ಕದು ಮಾಡಿ. ಎರಡನೇ ಸಲ ತಪ್ಪಿದರೆ ಒಬ್ಬರೇ ಇದ್ದಾಗ ನೇರವಾಗಿ ಹೇಳಿ: “ಬುಧವಾರ ಕೊಡ್ತೀನಿ ಅಂದಿದ್ದೆ, ಬರಲಿಲ್ಲ, ಆ್ಯಪ್ ಅದಕ್ಕೇ ನಿಂತಿದೆ. ಶನಿವಾರದೊಳಗೆ ಆಗಲ್ಲ ಅಂದ್ರೆ ಈಗ್ಲೇ ಹೇಳು, ನಾನು ತಗೋತೀನಿ, ಅದನ್ನ ಶೀಟಲ್ಲಿ ಬರೀತೀನಿ.” ಬೈಗುಳ ಬೇಡ. ಮೂರನೇ ಸಲ ಗೈಡ್ ಬಳಿ ಹೋಗಿ, ಅವನಿಗೆ ಹೇಳಿಯೇ ಹೋಗಿ. ಗೈಡ್ ಮುಂದೆ ‘ಅವನು ಏನೂ ಮಾಡಲ್ಲ ಸರ್’ ಎಂದರೆ ಅವರು ಮತ್ತೆ ‘ಹೊಂದಿಕೊಂಡು ಹೋಗಿ’ ಅನ್ನುತ್ತಾರೆ. ಒಪ್ಪಿಕೊಂಡ ಕೆಲಸ, ದಿನಾಂಕ, ಬಂದದ್ದು, ಬಾರದ್ದು ಇರುವ ಶೀಟ್ ತೋರಿಸಿ, “ಈ ಭಾಗವನ್ನು ಹೇಗೆ ಮರುಹಂಚಲಿ?” ಎಂದು ಕೇಳಿದರೆ ಅವರಿಗೆ ಹಿಡಿಯಲು ಏನಾದರೂ ಸಿಗುತ್ತದೆ. ಇದೆಲ್ಲ ಎರಡನೇ ರಿವ್ಯೂಗೆ ಮುಂಚೆ ಆಗಬೇಕು. ವೈವಾಕ್ಕೆ ಒಂದು ವಾರ ಇರುವಾಗ ಹೋದರೆ ಗೈಡ್ ಕೈಯಲ್ಲೂ ಏನೂ ಉಳಿದಿರುವುದಿಲ್ಲ.

ಈ ಹಂತದಲ್ಲೇ ಯಾರಾದರೂ “ಹೊರಗಡೆ ದುಡ್ಡು ಕೊಟ್ಟು ಮಾಡಿಸಿಬಿಡೋಣ” ಎನ್ನುತ್ತಾರೆ. ಒಪ್ಪಬೇಡಿ. ನಿಯಮದ ಪ್ರಶ್ನೆ ಹಾಗಿರಲಿ, ಅಲ್ಲಿಂದ ಬಂದ ಕೋಡಿನಲ್ಲಿ ಒಂದು ಪಿನ್ ಬದಲಿಸಲು ಹೇಳಿದರೆ ನಾಲ್ವರಲ್ಲಿ ಯಾರಿಗೂ ಬರುವುದಿಲ್ಲ, ನೀವೂ ಸೇರಿ.

ವೈವಾಕ್ಕೆ ಮೂರು ವಾರ ಮುಂಚೆ ಒಂದು ಅಭ್ಯಾಸ ಇಟ್ಟುಕೊಳ್ಳಿ. ಪ್ರತಿಯೊಬ್ಬರೂ ಬೇರೆಯವರ ಭಾಗವನ್ನು ಹತ್ತು ನಿಮಿಷ ಬೋರ್ಡ್ ಮುಂದೆ ನಿಂತು ವಿವರಿಸಬೇಕು, ಆ ಭಾಗದವರು ಪ್ರಶ್ನೆ ಕೇಳಬೇಕು. ಸೆನ್ಸರ್ ಯಾಕೆ ಕೆಪ್ಯಾಸಿಟಿವ್, ರೆಸಿಸ್ಟಿವ್ ಯಾಕಲ್ಲ (ರೆಸಿಸ್ಟಿವ್ ಸೆನ್ಸರಿನ ಕಡ್ಡಿಗಳು ಒದ್ದೆ ಮಣ್ಣಿನಲ್ಲಿ ಕರೆಂಟ್ ಹರಿದು ಸವೆಯುತ್ತವೆ), ಪಂಪ್ ಆನ್ ಆಗುವ ಮಿತಿ 30, ಆಫ್ ಆಗುವ ಮಿತಿ 60 ಎಂದು ಎರಡು ಬೇರೆ ಅಂಕಿ ಯಾಕೆ (ಒಂದೇ ಇಟ್ಟರೆ ಆ ಅಂಕಿಯ ಆಚೀಚೆ ತೇವ ಅಲುಗಿದಾಗೆಲ್ಲ ರಿಲೇ ಟಕಟಕ ಅನ್ನುತ್ತದೆ), ಇಂಥವು ನಾಲ್ವರ ಬಾಯಲ್ಲೂ ಬರಬೇಕು. ಡೆಮೊ ಓಡುತ್ತಿರುವಾಗಲೇ ಒಂದು ವಿಡಿಯೊ ಮಾಡಿಟ್ಟುಕೊಳ್ಳಿ. ಅವತ್ತು ವೈಫೈ ಕೈಕೊಟ್ಟರೆ ಬೇಕಾಗುತ್ತದೆ. ಪರೀಕ್ಷಕರು ಒಬ್ಬೊಬ್ಬರನ್ನೂ ಬೇರೆಯಾಗಿ ಕೇಳುತ್ತಾರೆ. ಸೆನ್ಸರ್ ಹುಡುಗನಿಗೆ ಪ್ರಶ್ನೆ ಬಂದು ಅವನು ಎರಡು ಕ್ಷಣ ತಡವರಿಸಿದಾಗ ಮಧ್ಯೆ ಬಾಯಿ ಹಾಕಬೇಡಿ. ಅವನು ನಿಮ್ಮ ಕಡೆ ತಿರುಗಿ ಸಹಾಯ ಕೇಳಿದರೆ ಆಗ ಮಾತಾಡಿ.